ವಿಮಾನದಲ್ಲಿ ಹಿರಿಯರ ಸೀಟು ಯಾವುದು?

ನಮ್ಮ ಸಂಘದ ಯಾವ ಸಮಾರಂಭಕ್ಕೇ ಹೋಗಿ, ಕಾಫಿಯ ಹೊತ್ತಿಗೆ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: "ಮಗಳಿಗೆ ಹೆರಿಗೆ, ಮುಂದಿನ ತಿಂಗಳು ಅಮೆರಿಕಕ್ಕೆ ಹೊರಟೆವು." ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ ಕಳೆದು ದಿಲ್ಲಿ ಸೇರುವುದೇ ಮಹಾಯಾತ್ರೆ ಎಂದುಕೊಂಡಿದ್ದ ತಲೆಮಾರಿನವರು ಇಂದು ಅರವತ್ತು ಎಪ್ಪತ್ತರ ವಯಸ್ಸಿನಲ್ಲಿ ಸಮುದ್ರ ದಾಟುತ್ತಿದ್ದಾರೆ. ಸಂತೋಷದ ಸಂಗತಿಯೇ. ಟಿಕೀಟನ್ನು ಅಲ್ಲಿಂದಲೇ ಮಗನೋ ಅಳಿಯನೋ ಕೊಳ್ಳುತ್ತಾನೆ. ಹತ್ತು ಕಂಪನಿಗಳ ದರ ತಾಳೆ ನೋಡುತ್ತಾನೆ, ವಾರಗಟ್ಟಲೆ ಕಾಯುತ್ತಾನೆ, ಕೊನೆಗೆ ಐದು ಸಾವಿರ ಉಳಿಸಿದೆನೆಂದು ಬೀಗುತ್ತಾನೆ. ಅಪ್ಪ ಅಮ್ಮನಿಗೆ ಯಾವ ಸೀಟಪ್ಪಾ ಎಂದು ಕೇಳಿದರೆ ಮಾತ್ರ, "ಅದು ಅವರೇ ಕೊಡ್ತಾರೆ" ಎಂಬ ಉತ್ತರ.

ಈ ಉತ್ತರಕ್ಕೆ ನನ್ನ ತೀವ್ರ ಆಕ್ಷೇಪಣೆಯಿದೆ. "ಅವರೇ ಕೊಡುವ" ಸೀಟು ಎಂದರೆ ಏನು? ಹೆಚ್ಚಿನ ದುಡ್ಡು ತೆತ್ತು ಆರಿಸಿಕೊಂಡವರು ಬಿಟ್ಟುಹೋದದ್ದು. ಅಂದರೆ ಬಹುಪಾಲು ಇಬ್ಬರು ಅಪರಿಚಿತರ ನಡುವಿನ ಸೀಟು, ಇಲ್ಲವೆ ಶೌಚಾಲಯಕ್ಕೆ ಬೆನ್ನು ಕೊಟ್ಟ ಕೊನೆಯ ಸಾಲು. ಗಂಡ ಒಂದು ಸಾಲಿನಲ್ಲಿ, ಹೆಂಡತಿ ಇನ್ನೊಂದರಲ್ಲಿ. ನಾಲ್ಕು ದಿನ ಕಾಯುವ ತಾಳ್ಮೆಯಿದ್ದ ಮಗನಿಗೆ ಇನ್ನು ನಾಲ್ಕು ನಿಮಿಷ ಸೀಟಿನ ನಕ್ಷೆ ನೋಡುವ ತಾಳ್ಮೆ ಇರಬಾರದೆ?

ಸೀಟು ಯಾವುದಾದರೇನು, ಎಲ್ಲರೂ ಒಟ್ಟಿಗೇ ಇಳಿಯುತ್ತಾರಲ್ಲ ಎನ್ನುವವರಿದ್ದಾರೆ. ದಿಲ್ಲಿಯಿಂದ ಬೆಂಗಳೂರಿಗೆ ಎರಡು ಮುಕ್ಕಾಲು ಗಂಟೆಯ ಪ್ರಯಾಣವಾದರೆ ನಾನೂ ಹಾಗೆಯೇ ಹೇಳುತ್ತಿದ್ದೆ. ಆದರೆ 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ನೇರವಾಗಿ ಬಂದ ಮೊದಲ ಏರ್ ಇಂಡಿಯಾ ವಿಮಾನ ಸುಮಾರು 14 ಸಾವಿರ ಕಿಲೋಮೀಟರ್ ಹಾರಲು ಸುಮಾರು 17 ಗಂಟೆ ತೆಗೆದುಕೊಂಡಿತು. ನಮ್ಮ ಕಚೇರಿಯ ಎರಡು ದಿನದ ಕೆಲಸದ ಹೊತ್ತನ್ನು ಒಂದೇ ಕುರ್ಚಿಯಲ್ಲಿ, ಮೊಣಕಾಲಿಗೆ ಮುಂದಿನವನ ಬೆನ್ನು ತಾಗಿಸಿಕೊಂಡು ಕಳೆಯುವುದೆಂದರೆ ಅದು ಬೇರೆಯೇ ಲೆಕ್ಕ.

ನಮ್ಮ ಬಡಾವಣೆಯ ಹಿರಿಯ ತಾಯಿಯೊಬ್ಬರು ಹೀಗೆಯೇ ಹೋಗಿ ಬಂದರು. ಸಿಕ್ಕಿದ್ದು ಕಿಟಕಿ ಸೀಟು. ಪಕ್ಕದ ಇಬ್ಬರು ಗಂಡಸರು ಊಟ ಮುಗಿದದ್ದೇ ಕಂಬಳಿ ಹೊದ್ದು ಮಲಗಿದರು. ಅವರನ್ನು ಎಬ್ಬಿಸಲು ಇವರಿಗೆ ಇಂಗ್ಲಿಷು ಬಾರದು, ಸಂಕೋಚ ಬೇರೆ. ಯಜಮಾನರು ಐದು ಸಾಲು ಹಿಂದೆ. "ನೀರೇ ಕುಡಿಯಲಿಲ್ಲ ಕಣಪ್ಪ, ಕುಡಿದರೆ ಏಳಬೇಕಲ್ಲ" ಎಂದರು. ಇದನ್ನು ಅವರು ದೂರೆಂದು ಹೇಳಲಿಲ್ಲ, ಒಂದು ಉಪಾಯವೆಂದೇ ಹೇಳಿದರು. ಇನ್ನು ಕೆಲವರನ್ನು ವಿಚಾರಿಸಿದೆ. ಆ ಉಪಾಯ ಅವರಿಗೂ ಗೊತ್ತಿತ್ತು. ಹೆತ್ತವರನ್ನು ಹದಿನೈದು ಗಂಟೆ ನೀರಿಲ್ಲದೆ ಕೂರಿಸಿ ಮೊಮ್ಮಗುವಿನ ಬಾಣಂತನಕ್ಕೆ ಕರೆಸಿಕೊಳ್ಳುವುದು ಯಾವ ಸೀಮೆಯ ಪ್ರೀತಿ?

ವಿಮಾನದೊಳಗಿನ ಗಾಳಿ ಬಹಳ ಒಣ. ಅದರ ಒತ್ತಡವೂ ನೆಲದ ಮಟ್ಟದ್ದಲ್ಲ. ಹಳೆಯ ಮಾದರಿಯ ವಿಮಾನಗಳಲ್ಲಿ 8,000 ಅಡಿ ಎತ್ತರದ ಬೆಟ್ಟದ ಮೇಲೆ ಕೂತಷ್ಟು. ಬೋಯಿಂಗ್ 787, ಏರ್‌ಬಸ್ 350ರಂಥ ಹೊಸ ವಿಮಾನಗಳಲ್ಲಿ ಸುಮಾರು 6,000 ಅಡಿ, ಅಂದರೆ ಹೆಚ್ಚುಕಡಿಮೆ ನಮ್ಮ ಮುಳ್ಳಯ್ಯನಗಿರಿಯ ನೆತ್ತಿ. ಅಲ್ಲಿ ನೀರು ಬಿಟ್ಟು ಕೂತರೆ ತಲೆನೋವು, ಉರಿಮೂತ್ರ ತಪ್ಪಿದ್ದಲ್ಲ. ಅಲುಗಾಡದೆ ಕೂತರೆ ಪಾದ ಊದುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೊರತಂದ ವರದಿಯ ಪ್ರಕಾರ 4 ಗಂಟೆಗೂ ಮೀರಿ ಕೂತು ಪ್ರಯಾಣ ಮಾಡುವವರಲ್ಲಿ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಇಮ್ಮಡಿಯಾಗುತ್ತದೆ. ಹೆದರಬೇಕಾಗಿಲ್ಲ, ಇಮ್ಮಡಿಯಾದರೂ ಅದು ಸುಮಾರು 6,000 ಮಂದಿಯಲ್ಲಿ ಒಬ್ಬರಿಗೆ ಬರುವಂಥದ್ದು. ಆದರೆ ವಯಸ್ಸಾದವರಿಗೆ, ಈಚೆಗೆ ಶಸ್ತ್ರಚಿಕಿತ್ಸೆ ಆದವರಿಗೆ ಅಪಾಯ ಹೆಚ್ಚು. 2012ರಲ್ಲಿ ಅಮೆರಿಕದ ಎದೆರೋಗ ತಜ್ಞರ ಸಂಸ್ಥೆ ಹೊರಡಿಸಿದ ಸೂಚನೆಗಳಲ್ಲಿ ಅಪಾಯ ಹೆಚ್ಚಿಸುವ ಸಂಗತಿಗಳ ಪಟ್ಟಿಯೊಳಗೆ ಕಿಟಕಿ ಸೀಟೂ ಇದೆ. ಕಾರಣ ಸರಳ: ಕಿಟಕಿಯ ಬಳಿ ಕೂತವರು ಎದ್ದು ಓಡಾಡುವುದು ಕಡಿಮೆ.

ಆದ್ದರಿಂದ ದೂರದ ಪ್ರಯಾಣದಲ್ಲಿ ಸುಖವೆಂದರೆ ಯಾರ ಅಪ್ಪಣೆಯನ್ನೂ ಬೇಡದೆ ಎದ್ದು ನಿಲ್ಲುವ ಸ್ವಾತಂತ್ರ್ಯ. ಅದು ಇರುವುದು ನಡೆದಾಡುವ ಓಣಿಗೆ ತಾಗಿದ ಸೀಟಿನಲ್ಲಿ. ಅದನ್ನು ಓಣಿ ಸೀಟು ಎಂದೇ ಕರೆಯೋಣ.

ಓಣಿ ಸೀಟುಗಳಲ್ಲೂ ತಾರತಮ್ಯವಿದೆ. ಸಾಲಿಗೆ 3-3-3ರಂತೆ 9 ಸೀಟುಗಳಿರುವ ವಿಮಾನ ತೆಗೆದುಕೊಳ್ಳಿ. ಪಕ್ಕದ ಮೂರರಲ್ಲಿ ಓಣಿ ಸೀಟು ಹಿಡಿದರೆ ಒಳಗಿನ ಇಬ್ಬರೂ ನಿಮ್ಮನ್ನೇ ಎಬ್ಬಿಸಿ ದಾಟಬೇಕು. ನಡುವಿನ ಮೂರರಲ್ಲಿ ಹಿಡಿದರೆ ಒಳಗಿರುವವನು ಒಬ್ಬನೇ. ಅವನಿಗೆ ಎರಡು ಕಡೆಯೂ ದಾರಿ. ನಿದ್ದೆ ಕೆಡುವುದು ಅಷ್ಟು ಕಡಿಮೆ. 3-4-3ರ ಸಾಲಿನಲ್ಲೂ ನಡುವಿನ ಗುಂಪೇ ಮೇಲು. ದಂಪತಿಗಳಾದರೆ ಓಣಿಯ ಆಚೆಗೊಂದು ಈಚೆಗೊಂದು ಸೀಟು ತೆಗೆದುಕೊಳ್ಳಲಿ. ಮಾತಿಗೂ ಸಿಗುತ್ತಾರೆ, ಇಬ್ಬರಿಗೂ ಏಳುವ ಸ್ವಾತಂತ್ರ್ಯ. ಏರ್‌ಬಸ್ 330ರಂತೆ 2-4-2 ಇದ್ದರೆ ಪಕ್ಕದ ಎರಡು ಸೀಟು ಇಬ್ಬರದೇ ಆಗುತ್ತದೆ.

ಉದ್ದಳತೆಯಲ್ಲಿ ರೆಕ್ಕೆಯ ಆಸುಪಾಸು ಕುಲುಕಾಟ ಕಡಿಮೆ. ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಆಗುಂಬೆ ಘಾಟಿ ಇಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸದ್ದು ಕಡಿಮೆ ಬೇಕಾದರೆ ಎಂಜಿನ್ನಿಗಿಂತ ಮುಂದಿನ ಸಾಲು ನೋಡಿ. ಎದುರಿಗೆ ಗೋಡೆಯಿರುವ ಮೊದಲ ಸಾಲಿನಲ್ಲಿ ಮುಂದಿನವನು ಬೆನ್ನು ವಾಲಿಸುವ ಕಾಟವಿಲ್ಲ. ಆದರೆ ಕೂಸಿನ ತೊಟ್ಟಿಲು ಸಿಕ್ಕಿಸುವುದು ಅಲ್ಲೇ. ಊಟದ ಹಲಗೆ ಕೈಯಾನಿಕೆಯೊಳಗೆ ಅಡಗಿರುವುದರಿಂದ ಸೀಟಿನ ಅಗಲವೂ ಕಡಿಮೆ. ತುರ್ತು ಬಾಗಿಲ ಸಾಲಿನಲ್ಲಿ ಕಾಲು ನೀಡಲು ಧಾರಾಳ ಜಾಗ. ಆದರೆ ಸಮಯ ಬಂದರೆ ಬಾಗಿಲು ತೆರೆಯಲು ನೆರವಾಗಬಲ್ಲ ಗಟ್ಟಿಗರಿಗೆ ಮಾತ್ರ ಅದು ಮೀಸಲು. ಮಂಡಿನೋವಿನವರನ್ನು ಅಲ್ಲಿ ಕೂರಿಸಲು ನಿಯಮ ಬಿಡುವುದಿಲ್ಲ. ಕೊನೆಯ ಸಾಲಿನ ಸೀಟುಗಳು ಅನೇಕ ವಿಮಾನಗಳಲ್ಲಿ ಸರಿಯಾಗಿ ಹಿಂದಕ್ಕೆ ವಾಲುವುದಿಲ್ಲ. ಶೌಚಾಲಯ ಹತ್ತಿರವಿರಲಿ, ಆದರೆ ನಾಲ್ಕೈದು ಸಾಲು ದೂರವಿರಲಿ.

ಇನ್ನು ಕಂಪನಿಗಳ ಮಾತು. ಬೋಯಿಂಗ್ 777 ಸೇವೆಗೆ ಬಂದದ್ದು 1995ರಲ್ಲಿ. ಆಗ ಸಾಲಿಗೆ 9 ಸೀಟುಗಳೇ ರೂಢಿ. ಇಂದು ಅದೇ ಅಗಲದೊಳಗೆ ಬಹುತೇಕ ಕಂಪನಿಗಳು 10 ಸೀಟು ತುರುಕಿವೆ. 787ರಲ್ಲಿ ಸಾಲಿಗೆ 8 ಸೀಟು ಇಡಬಹುದು, ಜಪಾನ್ ಏರ್‌ಲೈನ್ಸ್ ತನ್ನ ಅಂತರರಾಷ್ಟ್ರೀಯ ವಿಮಾನಗಳಲ್ಲಿ ಇಟ್ಟು ತೋರಿಸಿದೆ. ಉಳಿದವರು ಬಹುಪಾಲು 9 ಇಟ್ಟು ಸೀಟನ್ನು 17 ಅಂಗುಲದ ಆಸುಪಾಸಿಗೆ ಇಳಿಸಿದರು. ದೂರದ ಪ್ರಯಾಣಕ್ಕೆ ಕನಿಷ್ಠ 18 ಅಂಗುಲ ಬೇಕೆಂದು 2013ರಲ್ಲಿ ಏರ್‌ಬಸ್ಸಿನವರೇ ಹೇಳಿದರು. ಅವರಿಗೂ ವ್ಯಾಪಾರದ ಲಾಭವಿತ್ತು, ನಿಜ. ಆದರೂ ಮಾತು ಸರಿಯಾದದ್ದೇ. ಹೀಗೆ ಮೊದಲು ಸೀಟನ್ನು ಕಿರಿದು ಮಾಡಿ, ಆಮೇಲೆ ಆ ಕಿರಿದರಲ್ಲಿ ಸ್ವಲ್ಪ ವಾಸಿಯಾದದ್ದಕ್ಕೆ ಬೇರೆ ಬೆಲೆ ಕಟ್ಟುವುದು ಯಾವ ನ್ಯಾಯ?

"ಆರಿಸಿಕೊಳ್ಳಬಯಸದವನಿಗೆ ಟಿಕೀಟು ಅಗ್ಗವಾಗುತ್ತದೆ" ಎಂದು ಕಂಪನಿಯವರ ವಾದ. ರುಚಿಯ ವಿಷಯದಲ್ಲಿ ಈ ವಾದ ಸರಿ. ಮೋಡ ನೋಡಬಯಸುವವನು ಕಿಟಕಿಗೆ ದುಡ್ಡು ಕೊಡಲಿ. ಎಪ್ಪತ್ತರ ಅಜ್ಜಿಯ ಮಂಡಿ, ಅರವತ್ತೈದರ ಸಕ್ಕರೆ ಕಾಯಿಲೆಯವರ ಮೂತ್ರದ ಅವಸರ ರುಚಿಯ ಪ್ರಶ್ನೆಯೆ?

ನಮ್ಮ ರೈಲ್ವೆಯನ್ನು ಬೈಯದವರಿಲ್ಲ. ಆದರೆ ಈ ಒಂದು ವಿಷಯದಲ್ಲಿ ವಿಮಾನ ಕಂಪನಿಗಳು ಅದರ ಕಾಲಬಳಿ ಕೂತು ಕಲಿಯಬೇಕು. 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ, ಗರ್ಭಿಣಿಯರಿಗೆಂದು ಪ್ರತಿ ಸ್ಲೀಪರ್ ಬೋಗಿಯಲ್ಲಿ 6-7 ಕೆಳ ಬರ್ತುಗಳ ಕೋಟಾ ಇದೆ. ಅದಕ್ಕೆ ಒಂದು ಪೈಸೆ ಹೆಚ್ಚಿಗೆ ಇಲ್ಲ. ಹಿರಿಯ ನಾಗರಿಕರ ದರ ರಿಯಾಯಿತಿಯನ್ನು 2020ರ ಮಾರ್ಚಿನಲ್ಲಿ ನಿಲ್ಲಿಸಿದರೂ ಕೆಳ ಬರ್ತಿನ ಕೋಟಾವನ್ನು ನಿಲ್ಲಿಸಲಿಲ್ಲ. ಮುದುಕರು ಏಣಿ ಹತ್ತಲಾರರು ಎಂಬ ಸತ್ಯವನ್ನು ರೈಲ್ವೆ ಒಪ್ಪಿಕೊಂಡಿದೆ. ಮುದುಕರು ಇಬ್ಬರ ಕಾಲು ದಾಟಿ ಹೋಗಲಾರರು ಎಂಬುದನ್ನು ವಿಮಾನದವರು ಒಪ್ಪಿದರೆ ಆಯಿತು. 9 ಸೀಟಿನ ಸಾಲಿನಲ್ಲಿ 4 ಓಣಿ ಸೀಟುಗಳಿರುತ್ತವೆ. 20 ಸಾಲಿಗೆ 80. ಅದರಲ್ಲಿ ಹತ್ತಿಪ್ಪತ್ತನ್ನು ಕೊನೆಯವರೆಗೆ ಹಿರಿಯರಿಗೆಂದು ಕಾದಿಟ್ಟರೆ ಯಾವ ಕಂಪನಿಯೂ ಮುಳುಗುವುದಿಲ್ಲ.

ಸರ್ಕಾರಕ್ಕೆ ಇದು ಹೊಸ ಸಂಗತಿಯೂ ಅಲ್ಲ. 12 ವರ್ಷದೊಳಗಿನ ಮಕ್ಕಳಿಗೆ ಅದೇ ಟಿಕೀಟಿನಲ್ಲಿರುವ ತಂದೆತಾಯಿ ಅಥವಾ ಪೋಷಕರಲ್ಲಿ ಒಬ್ಬರ ಜೊತೆಗೆ ಸೀಟು ಕೊಡಬೇಕೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2024ರ ಏಪ್ರಿಲಿನಲ್ಲಿ ಕಂಪನಿಗಳಿಗೆ ಸೂಚಿಸಿತು. ಎಳೆಯರಿಗೆ ಸಲ್ಲುವ ನ್ಯಾಯ ಹಿರಿಯರಿಗೂ ಸಲ್ಲಲಿ.

ಆ ಕಚೇರಿ ಇರುವುದು ಇದೇ ದಿಲ್ಲಿಯಲ್ಲಿ, ಸಫ್ದರ್‌ಜಂಗ್ ವಿಮಾನ ನಿಲ್ದಾಣದ ಎದುರಿಗೆ. ನಮ್ಮ ಸಂಘದ ಕಾರ್ಯಕಾರಿ ಸಮಿತಿ ಅಲ್ಲಿಗೆ ಒಂದು ಮನವಿ ಸಲ್ಲಿಸಬೇಕೆಂದು ನನ್ನ ಸೂಚನೆ. ಇಲ್ಲಿಯ ತಮಿಳು, ಬಂಗಾಳಿ, ಮಲಯಾಳಿ ಸಂಘಗಳ ಹಿರಿಯರೂ ಇದೇ ವಿಮಾನಗಳಲ್ಲಿ ಹೋಗುತ್ತಾರೆ, ಅವರನ್ನೂ ಸೇರಿಸಿಕೊಳ್ಳೋಣ. ಕರಡು ನಾನು ಬರೆದು ಕೊಡುತ್ತೇನೆ. ಇಪ್ಪತ್ತು ವರ್ಷ ಕರಡು ಬರೆದೇ ಸವೆದ ಕೈ ಇದು. ಸಹಿ ಸಂಘದ್ದಿರಲಿ.

ಅದು ಕಡತದಿಂದ ಕಡತಕ್ಕೆ ತಿರುಗಿ ಫಲ ಕೊಡಲು ಎಷ್ಟು ಕಾಲ ಬೇಕೆಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಲ್ಲಿಯವರೆಗೆ ಹೊರದೇಶದಲ್ಲಿರುವ ನಮ್ಮ ಮಕ್ಕಳು ಕೊಡಬೇಕಾದ ಶುಲ್ಕ ಕೊಟ್ಟುಬಿಡಲಿ. ಲಕ್ಷ ರೂಪಾಯಿಯ ಆಸುಪಾಸಿನ ಟಿಕೀಟಿಗೆ ಇನ್ನೆರಡು ಮೂರು ಸಾವಿರ ಸೇರಿಸಿದರೆ ಯಾರ ಮನೆಯೂ ಬಡವಾಗುವುದಿಲ್ಲ. ಟಿಕೀಟು ಕೊಂಡ ದಿನವೇ ಓಣಿ ಸೀಟು ಗುರುತು ಮಾಡಿಸಲಿ, ಹೊರಡುವ ಮುನ್ನ ಇನ್ನೊಮ್ಮೆ ನೋಡಲಿ. ವಿಮಾನ ಬದಲಾದರೆ ಸೀಟೂ ಬದಲಾಗುವುದುಂಟು. "ಯಾಕಪ್ಪಾ ಸುಮ್ಮನೆ ಖರ್ಚು" ಎಂದು ಅಮ್ಮ ಅನ್ನುತ್ತಾರೆ. ಅನ್ನಲಿ. ಅವರು ಧಾರಾಳವಾಗಿ ನೀರು ಕುಡಿದು, ಬೇಕೆನಿಸಿದಾಗ ಎದ್ದು, ನಾಲ್ಕು ಹೆಜ್ಜೆ ಓಡಾಡಿಕೊಂಡು ಬರಲಿ.