ನೆರೆಯವರೆದುರು ನಿಂತ ಸಾಕ್ಷಿ

1994ರ ಏಪ್ರಿಲ್‌ನಿಂದ ಜುಲೈವರೆಗಿನ ಸುಮಾರು 100 ದಿನಗಳಲ್ಲಿ ರುವಾಂಡಾದಲ್ಲಿ 8 ಲಕ್ಷದಷ್ಟು ಜನರ ಕೊಲೆಯಾಯಿತು. ಅಲ್ಲಿನ ಸರ್ಕಾರದ ಲೆಕ್ಕ 10 ಲಕ್ಷವನ್ನೂ ದಾಟುತ್ತದೆ. ಸತ್ತವರಲ್ಲಿ ಬಹುಪಾಲು ಅಲ್ಪಸಂಖ್ಯಾತ ಟುಟ್ಸಿ ಜನಾಂಗದವರು. ಬಹುಸಂಖ್ಯಾತ ಹುಟು ಜನಾಂಗದಲ್ಲಿ ಕೊಲ್ಲಲು ಒಪ್ಪದೆ ಸತ್ತವರೂ ಇದ್ದರು. ಸಂಚು ಹೂಡಿದ್ದು ಸೇನೆ, ಆಡಳಿತ ಮತ್ತು ರಾಜಕೀಯದ ಮೇಲಿನವರು, ದ್ವೇಷ ಹರಡಿದ್ದು ರೇಡಿಯೊ. ಮಚ್ಚು ಹಿಡಿದ ಕೈಗಳು ಮಾತ್ರ ಊರಿನವೇ. ಒಂದೇ ಗುಡ್ಡದ ಇಳಿಜಾರಿನಲ್ಲಿ ಉತ್ತು ಬಿತ್ತುತ್ತಿದ್ದವರು, ಒಂದೇ ಚರ್ಚಿಗೆ ಹೋಗುತ್ತಿದ್ದವರು. ಹತ್ಯಾಕಾಂಡ ಮುಗಿದ ಮೇಲೆ ಬದುಕುಳಿದವರಿಗೂ ಕೊಂದವರಿಗೂ ಹಿಂತಿರುಗಲು ಇದ್ದದ್ದು ಅದೇ ಗುಡ್ಡ.

ಇಂಥ ಕಡೆ ನ್ಯಾಯ ಹೇಗೆ ನಡೆಯಬೇಕು? ವಿಶ್ವಸಂಸ್ಥೆ ತಾಂಜಾನಿಯಾದ ಅರುಷಾದಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ ತೆರೆಯಿತು. 1998ರಲ್ಲಿ ಅದು ರುವಾಂಡಾದ ತಾಬಾದಲ್ಲಿ ಮೇಯರ್ ಆಗಿದ್ದ ಜಾನ್ ಪಾಲ್ ಅಕಾಯೆಸುಗೆ ಶಿಕ್ಷೆ ವಿಧಿಸಿ, ಅತ್ಯಾಚಾರವೂ ನರಮೇಧದ ಕೃತ್ಯವಾಗಬಲ್ಲದು ಎಂದು ತೀರ್ಪಿತ್ತಿತು. ಜಗತ್ತಿನ ಕಾನೂನಿಗೆ ಅದೊಂದು ದೊಡ್ಡ ಹೆಜ್ಜೆ. ಆದರೆ ನೂರು ಕೋಟಿಗೂ ಹೆಚ್ಚು ಡಾಲರ್ ಖರ್ಚಾಗಿ, 2015ರಲ್ಲಿ ಬಾಗಿಲು ಮುಚ್ಚುವ ಹೊತ್ತಿಗೆ ಆ ಮಂಡಳಿ ಆರೋಪ ಹೊರಿಸಿದ್ದು 93 ಜನರ ಮೇಲೆ ಮಾತ್ರ. ಇತ್ತ ರುವಾಂಡಾದ ಜೈಲುಗಳಲ್ಲಿ 1990ರ ದಶಕದ ಕೊನೆಗೆ 1,20,000ಕ್ಕೂ ಹೆಚ್ಚು ಆರೋಪಿಗಳು ತುಂಬಿದ್ದರು. ಮಲಗಲೂ ಜಾಗವಿಲ್ಲದ ಆ ಕೋಣೆಗಳಲ್ಲಿ ವಿಚಾರಣೆಗೆ ಮುಂಚೆಯೇ ಸಾವಿರಾರು ಜನ ಸತ್ತರು. ನ್ಯಾಯಾಧೀಶರಲ್ಲಿ, ವಕೀಲರಲ್ಲಿ ಅನೇಕರು ಕೊಲೆಯಾಗಿದ್ದರು, ಇಲ್ಲವೇ ದೇಶ ಬಿಟ್ಟಿದ್ದರು. ಸಾಮಾನ್ಯ ಕೋರ್ಟುಗಳ ವೇಗದಲ್ಲಿ ಹೋದರೆ ಎಲ್ಲ ಮೊಕದ್ದಮೆ ಮುಗಿಯಲು 100 ವರ್ಷ ಬೇಕೆಂಬ ಅಂದಾಜಿತ್ತು.

ಆಗ ಹೊಳೆದ ದಾರಿಯೇ ಗಚಾಚ. ನಮ್ಮ ಅರಳಿಕಟ್ಟೆ ಪಂಚಾಯ್ತಿಯ ಹಾಗೆ ಊರ ಹಿರಿಯರು ಬಯಲಲ್ಲಿ ಕೂತು ಜಗಳ ಬಗೆಹರಿಸುತ್ತಿದ್ದ ಹಳೆಯ ಪದ್ಧತಿಗೆ 2001ರ ಕಾನೂನು ಹೊಸ ಅಧಿಕಾರ ಕೊಟ್ಟಿತು. ಜಮೀನು, ದನಕರುಗಳ ತಕರಾರು ಕೇಳುತ್ತಿದ್ದ ಸಭೆಯ ಮುಂದೆ ಈಗ ಕೊಲೆ ಬಂತು. ಊರವರೇ ಆರಿಸಿದ, ಸಂಬಳವಿಲ್ಲದ ನ್ಯಾಯದರ್ಶಿಗಳು. ಸುಮಾರು 12,000 ನ್ಯಾಯಸಭೆಗಳು. ಮೊದಲು ಪ್ರಯೋಗ, 2005ರಿಂದ ದೇಶದುದ್ದಕ್ಕೂ ಜಾರಿ. 2012ರ ಜೂನ್‌ನಲ್ಲಿ ಮುಗಿಯುವಷ್ಟರಲ್ಲಿ 19 ಲಕ್ಷಕ್ಕೂ ಹೆಚ್ಚು ಪ್ರಕರಣಗಳು ಇತ್ಯರ್ಥವಾಗಿದ್ದವು. ಅವುಗಳಲ್ಲಿ ಹೆಚ್ಚಿನವು ಲೂಟಿ ಮತ್ತು ಆಸ್ತಿ ನಾಶಕ್ಕೆ ಸೇರಿದವು.

ಗಚಾಚದ ಪರವಾಗಿ ಹೇಳುವವರ ಬಲವಾದ ಮಾತು ಹೆಣಗಳ ಕುರಿತದ್ದು. ತಪ್ಪೊಪ್ಪಿಕೊಂಡವನಿಗೆ ಶಿಕ್ಷೆ ಇಳಿಯುತ್ತಿತ್ತು. ಉಳಿದ ಅವಧಿಯ ಒಂದು ಭಾಗವನ್ನು ರಸ್ತೆ ಹಾಕಿ, ಮನೆ ಕಟ್ಟಿ ಕಳೆಯಬಹುದಿತ್ತು. ಆದರೆ ಯಾರನ್ನು, ಎಲ್ಲಿ, ಯಾರ ಜೊತೆ ಸೇರಿ ಕೊಂದೆ, ಹೆಣ ಎಲ್ಲಿ ಹಾಕಿದೆ ಎಂಬುದನ್ನೆಲ್ಲ ಅವನು ಹೇಳಲೇಬೇಕಿತ್ತು. ಹೀಗೆ ಶೌಚಗುಂಡಿಗಳಿಂದ, ಜೌಗು ನೆಲದಿಂದ ಮೂಳೆಗಳು ಮೇಲೆ ಬಂದವು. ತಾಯಂದಿರು ಹತ್ತು ವರ್ಷದ ಮೇಲೆ ಮಕ್ಕಳನ್ನು ಮಣ್ಣು ಮಾಡಿದರು. ಅರುಷಾದ ಯಾವ ತೀರ್ಪೂ ಆ ತಾಯಂದಿರಿಗೆ ಕೊಡಲಾಗದ್ದನ್ನು ಊರಿನ ಸಭೆ ಕೊಟ್ಟಿತು. ಅದನ್ನು ಕಡಿಮೆ ಎನ್ನಲು ನನಗೆ ಮನಸ್ಸಿಲ್ಲ. ನಿರಪರಾಧಿಗಳು ಕೊನೆಗೂ ಬಿಡುಗಡೆಯಾದದ್ದೂ ಇದೇ ಸಭೆಗಳಿಂದ.

ಇನ್ನೊಂದು ಕಡೆಯ ಮಾತೂ ಅಷ್ಟೇ ತೂಕದ್ದು. ಸಭೆಯಲ್ಲಿ ಆರೋಪಿಗೆ ವಕೀಲರಿಲ್ಲ. ಅಲ್ಪಸ್ವಲ್ಪ ತರಬೇತಿ ಪಡೆದ ರೈತರು, ಶಿಕ್ಷಕರು ದಶಕಗಳ ಸೆರೆವಾಸ ವಿಧಿಸಬಹುದಿತ್ತು. ನ್ಯಾಯದರ್ಶಿಗಳಲ್ಲೇ ಸಾವಿರಾರು ಜನ ಹತ್ಯೆಯಲ್ಲಿ ಭಾಗಿಗಳೆಂದು ತಿಳಿದು ಅವರನ್ನು ತೆಗೆಯಬೇಕಾಯಿತು. ಹಳೆಯ ಹಗೆ, ಹೊಲದ ಆಸೆ ಸುಳ್ಳು ದೂರುಗಳಾದವು. ಕೆಲವರು ಅರ್ಧ ಸತ್ಯ ಹೇಳಿ, ಸತ್ತವರ ಮೇಲೆ ತಪ್ಪು ಹೊರಿಸಿ, ಶಿಕ್ಷೆ ಇಳಿಸಿಕೊಂಡರು. ಸಾಕ್ಷಿ ಹೇಳುವವಳು ಒಂಟಿ ಹೆಂಗಸು. ಎದುರು ಕೂತವರು ಆರೋಪಿಯ ಅಣ್ಣತಮ್ಮಂದಿರು, ಹೆಂಡತಿ, ಬಂಧುಬಳಗ. ಸಭೆ ಮುಗಿದ ಮೇಲೆ ಕತ್ತಲಲ್ಲಿ ಅವರ ಮನೆಗಳ ಮುಂದೆಯೇ ಅವಳು ನಡೆದು ಹೋಗಬೇಕು. ಸಾಕ್ಷಿ ಹೇಳಿದ್ದಕ್ಕೆ ಬದುಕುಳಿದವರನ್ನು ಕೊಂದದ್ದೂ ಉಂಟು.

2008ರಲ್ಲಿ ಅತ್ಯಾಚಾರದ ಪ್ರಕರಣಗಳನ್ನೂ ಗಚಾಚಕ್ಕೆ ವರ್ಗಾಯಿಸಿದರು. ವಿಚಾರಣೆ ಮುಚ್ಚಿದ ಬಾಗಿಲೊಳಗೆ ನಡೆಯುತ್ತಿತ್ತು, ನಿಜ. ಆದರೆ ಒಳಗೆ ಹೋದ ಹೆಂಗಸನ್ನು ಊರೆಲ್ಲ ನೋಡುತ್ತಿತ್ತು. ಬೇಗ ಮುಗಿಸುವ ಆತುರಕ್ಕೆ ಈ ಹೆಂಗಸರ ಮಾನವನ್ನು ತೆತ್ತದ್ದು ತಪ್ಪೆಂದೇ ನನ್ನ ನಿಲುವು. ಪರಿಹಾರದ ವಿಷಯದಲ್ಲೂ ಹಾಗೆಯೇ. ಶಾಲೆ, ಔಷಧಿ, ಮನೆಗೆ ನೆರವಾಗುವ ನಿಧಿ ಇತ್ತು. ಆದರೆ ಕಳೆದುಕೊಂಡದ್ದಕ್ಕೆ ಪ್ರತಿಯಾಗಿ ನೇರ ಪರಿಹಾರ ಕೊಡುವ ನಿಧಿ ರೂಪುಗೊಳ್ಳಲೇ ಇಲ್ಲ. ಕೊಂದವನಿಗೆ ಶಿಕ್ಷೆಯಲ್ಲಿ ರಿಯಾಯಿತಿ ಸಿಕ್ಕಿತು. ಬದುಕುಳಿದವಳಿಂದ ಕ್ಷಮೆ ಕೇಳಿದರು.

ಹಾಗಾದರೆ ಗಚಾಚ ಬೇಡವಾಗಿತ್ತೇ? ಕಾನೂನು ಪಂಡಿತರ ಆಕ್ಷೇಪಗಳನ್ನು ಓದಿದಾಗಲೆಲ್ಲ ಒಂದು ಮಾತು ಬಾಕಿ ಉಳಿಯುತ್ತದೆ: ಲಕ್ಷ ಜನರನ್ನು ವಿಚಾರಣೆಯಿಲ್ಲದೆ ಜೈಲಿನಲ್ಲಿ ಕೊಳೆಯಲು ಬಿಡುವುದೂ ನ್ಯಾಯಬದ್ಧ ವಿಚಾರಣೆಯಲ್ಲವಷ್ಟೆ. ಸಾಮೂಹಿಕ ಕ್ಷಮಾದಾನ ಕೊಟ್ಟಿದ್ದರೆ ಕೊಲೆಗಾರ ನಾಳೆಯಿಂದಲೇ ಮಾತಿಲ್ಲದೆ ಪಕ್ಕದ ಮನೆಗೆ ಬರುತ್ತಿದ್ದ. ಕೈಯಲ್ಲಿದ್ದ ದಾರಿಗಳಲ್ಲಿ ಇದು ಮೇಲಾಗಿತ್ತು ಎಂದೇ ನಾನು ನಂಬುತ್ತೇನೆ.

ನನಗೆ ಒಪ್ಪಲಾಗದ್ದು ಬೇರೊಂದಿದೆ. ನರಮೇಧವನ್ನು ನಿಲ್ಲಿಸಿದ್ದು ಪಾಲ್ ಕಗಾಮೆ ನೇತೃತ್ವದ ರುವಾಂಡಾ ದೇಶಪ್ರೇಮಿ ರಂಗ; ಆ ಋಣ ದೊಡ್ಡದು. ಅದೇ ಪಡೆಯ ಸೈನಿಕರು 1994ರಲ್ಲಿ ಸಾವಿರಾರು ಹುಟು ನಾಗರಿಕರನ್ನು ಕೊಂದರು. ಮೊದಲು ಗಚಾಚದ ವ್ಯಾಪ್ತಿಯಲ್ಲಿದ್ದ ಯುದ್ಧಾಪರಾಧಗಳನ್ನು 2004ರ ಕಾನೂನು ಹೊರಗಿಟ್ಟಿತು. ನರಮೇಧವನ್ನೂ ಸೈನಿಕರ ಸೇಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು, ಸೈನಿಕರ ಪ್ರಕರಣಗಳನ್ನು ಸೇನಾ ನ್ಯಾಯಾಲಯ ನೋಡುತ್ತದೆ ಎನ್ನುತ್ತದೆ ಸರ್ಕಾರ. ವಾದದ ಮೊದಲರ್ಧ ಸರಿ: ಒಂದು ಜನಾಂಗವನ್ನೇ ಅಳಿಸಹೊರಟ ಅಪರಾಧಕ್ಕೆ ಸಮನಾದದ್ದಿಲ್ಲ. ಎರಡನೆಯರ್ಧ ನಿಲ್ಲುವುದಿಲ್ಲ, ಸೇನಾ ನ್ಯಾಯಾಲಯಕ್ಕೆ ಬಂದ ಪ್ರಕರಣಗಳು ಕೆಲವೇ, ಶಿಕ್ಷೆಯೂ ಹಗುರ. ಅರುಷಾದ ಮಂಡಳಿ ಕೂಡ ಆ ಪಡೆಯ ಒಬ್ಬನ ಮೇಲೂ ಮೊಕದ್ದಮೆ ಹೂಡಲಿಲ್ಲ. ಹೀಗಾಗಿ ಆ ಬಯಲಿನಲ್ಲಿ ಕೂತ ಹುಟು ವಿಧವೆ ನೆರೆಯವರ ಸತ್ತವರ ಬಗ್ಗೆ ವಾರವಾರವೂ ಕೇಳಬೇಕಿತ್ತು, ತನ್ನ ಸತ್ತವರ ಹೆಸರೆತ್ತುವಂತಿರಲಿಲ್ಲ.

ಇಂಥ ಹುಟು ಕುಟುಂಬಗಳ ಅಹವಾಲು ಕೇಳುವ ವೇದಿಕೆಯೊಂದನ್ನು ತೆರೆಯುವುದು ಇವತ್ತಿಗೂ ರುವಾಂಡಾ ಸರ್ಕಾರದ ಕೈಯಲ್ಲಿದೆ. ಕಂಡವರು, ಕೇಳಿದವರು ಇನ್ನೂ ಬದುಕಿದ್ದಾರೆ. ಅವರಿರುವಾಗಲೇ ಅದು ತೆರೆಯಲಿ.