ಶಾಲೆಯ ಕ್ಯಾಲೆಂಡರ್ ಎದುರಿಗಿಟ್ಟುಕೊಂಡು ಬರೆಯಿರಿ

ವಿಚ್ಛೇದನದ ನಂತರ ಮಗುವಿನ ವಿಚಾರದಲ್ಲಿ ಲಿಖಿತ ಯೋಜನೆ ಬೇಡ, ಹಿರಿಯರು ಕೂತು ಹೊಂದಿಸಿದರೆ ಸಾಕು ಎಂಬ ಕಳೆದ ಸಂಚಿಕೆಯ ಲೇಖನದ ವಾದವನ್ನು ಒಪ್ಪಲಾಗದು. ಆ ಹಿರಿಯರೇ ಎಷ್ಟೋ ಸಲ ಎರಡು ಪಕ್ಷವಾಗಿ ಒಡೆದಿರುತ್ತಾರೆ.

ಪರಸ್ಪರ ಒಪ್ಪಿಗೆಯ ಅರ್ಜಿಗಳಲ್ಲಿ ಮಗುವಿಗೆ ಸಿಗುವುದು ಹೆಚ್ಚಾಗಿ ಒಂದೆರಡು ಸಾಲು: ತಾಯಿಯ ಬಳಿ ಇರತಕ್ಕದ್ದು, ಎರಡನೇ ಮತ್ತು ನಾಲ್ಕನೇ ಭಾನುವಾರ ತಂದೆ ನೋಡಬಹುದು. ದಸರಾ ರಜೆ ಯಾರ ಮನೆಯಲ್ಲಿ? ಜ್ವರ ಬಂದು ತಪ್ಪಿದ ಭಾನುವಾರಕ್ಕೆ ಬದಲಿ ದಿನ ಯಾವುದು? ಇದ್ಯಾವುದನ್ನೂ ಬರೆದಿರುವುದಿಲ್ಲ. ಹಾಗಾಗಿ ಗೇಟಿನ ಬಳಿ ಬ್ಯಾಗು ಹಿಡಿದು ನಿಂತ ಮಗುವಿನ ಎದುರೇ ಜಗಳ ಶುರುವಾಗುತ್ತದೆ. ‘ಫೀಸು ಕಟ್ಟಬೇಕಂತೆ, ಅಪ್ಪನಿಗೆ ಹೇಳು’ ಎಂದು ಆರು ವರ್ಷದ ಮಗುವಿನ ಕೈಲೇ ಹೇಳಿ ಕಳಿಸುತ್ತಾರೆ. ಇದು ಕ್ರೌರ್ಯ.

ಆ ಲೇಖಕರು ಹೇಳುವಂತೆ ಲಿಖಿತ ಯೋಜನೆ ವಿದೇಶಿ ಫ್ಯಾಷನ್ನೇನೂ ಅಲ್ಲ. ನಮ್ಮ ಕಾನೂನು ಆಯೋಗವೇ 2015ರ ತನ್ನ 257ನೇ ವರದಿಯಲ್ಲಿ ಇಂಥ ಪಾಲನಾ ಯೋಜನೆಯ ಪರವಾಗಿ ಶಿಫಾರಸು ಮಾಡಿದೆ. ಒಮ್ಮೆ ಬರೆದರೆ ಬದಲಿಸಲಾಗದು ಎಂಬ ಭಯಕ್ಕೂ ಆಧಾರವಿಲ್ಲ: ಹಿಂದೂ ವಿವಾಹ ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ ಮಗುವಿನ ಪಾಲನೆ, ಶಿಕ್ಷಣದ ಆದೇಶಗಳನ್ನು ತೀರ್ಪಿನ ನಂತರವೂ ನ್ಯಾಯಾಲಯ ಮಾರ್ಪಡಿಸಬಹುದು.

ಹೊಡೆತ ಬಡಿತ ನಡೆದ ಮನೆಗಳ ಮಾತು ಬೇರೆ. ಅಲ್ಲಿ ಸುರಕ್ಷತೆಯೇ ಮೊದಲು. ಉಳಿದವರು ಅರ್ಜಿಗೆ ಸಹಿ ಹಾಕುವ ಮುನ್ನ ಮಗುವಿನ ಇಡೀ ವರ್ಷವನ್ನು ಕೂತು ಬರೆಯಲಿ.