ಎದುರಿನವರ ಪಾಲಿನ ಉಪದೇಶ

ಗಣೇಶ ಚೌತಿಗೆ ಮುಂಬೈ, ಪುಣೆಯ ಕನ್ನಡ ಕ್ರೈಸ್ತರ ಮನೆಗಳಿಗೂ ಪಕ್ಕದ ಮನೆಯಿಂದ ಮೋದಕದ ತಟ್ಟೆ ಬರುತ್ತದೆ. ಒಬ್ಬರು ಖುಷಿಯಿಂದ ತಿನ್ನುತ್ತಾರೆ. ಪೂಜೆಗಿಟ್ಟದ್ದನ್ನು ತಿನ್ನಲು ಇನ್ನೊಬ್ಬರ ಮನಸ್ಸಾಕ್ಷಿ ಒಪ್ಪುವುದಿಲ್ಲ. ಅಲ್ಲಿಯವರೆಗೆ ಜಗಳವಿಲ್ಲ. ಅದು ಶುರುವಾಗುವುದು ಭಾನುವಾರ, ಆರಾಧನೆ ಮುಗಿದ ಮೇಲೆ. ತಿಂದವರಿಗೆ ತಿನ್ನದವರು ಯಾವುದೋ ಕಾಲದ ಗೊಡ್ಡುಗಳು. ತಿನ್ನದವರಿಗೆ ತಿಂದವರ ನಂಬಿಕೆಯ ಮೇಲೆಯೇ ಅನುಮಾನ. ಒಡವೆ, ಕುಂಕುಮ, ಮುಡಿಯುವ ಹೂವು, ಮದುವೆಯೂಟದ ವೈನ್: ವಿಷಯ ಯಾವುದಾದರೂ ಧಾಟಿ ಇದೇ.

ಇಬ್ಬರೂ ಆಧಾರ ಕೊಡುವುದು ಒಂದೇ ಅಧ್ಯಾಯದಿಂದ: ಪೌಲನು ರೋಮಾಪುರದವರಿಗೆ ಬರೆದ ಪತ್ರದ 14ನೆಯದು. ಎಲ್ಲವನ್ನೂ ತಿನ್ನುವವರು ಮತ್ತು ಕಾಯಿಪಲ್ಯ ಮಾತ್ರ ತಿನ್ನುವವರು, ಕೆಲವು ದಿನಗಳನ್ನು ವಿಶೇಷವೆಂದು ಎಣಿಸುವವರು ಮತ್ತು ಎಲ್ಲ ದಿನವೂ ಒಂದೇ ಎನ್ನುವವರು, ಇವರ ಒಡಕಿಗೆ ಬರೆದದ್ದು ಅದು. ಆದರೆ ಪೌಲ ಅಲ್ಲಿ ಎಲ್ಲರಿಗೂ ಒಂದೇ ಬುದ್ಧಿವಾದ ಹೇಳುವುದಿಲ್ಲ. 3ನೆಯ ವಚನದ ಗ್ರೀಕಿನಲ್ಲಿ ಎರಡು ಬೇರೆ ಕ್ರಿಯಾಪದಗಳಿವೆ. ತಿನ್ನುವವನಿಗೆ ಬೇಡವೆಂದದ್ದು 'ಎಕ್ಸೌಥೆನೇಯಿನ್', ಎಂದರೆ ಇನ್ನೊಬ್ಬನನ್ನು ಲೆಕ್ಕಕ್ಕಿಲ್ಲದವನಂತೆ ಕಾಣುವುದು. ತಿನ್ನದವನಿಗೆ ಬೇಡವೆಂದದ್ದು 'ಕ್ರಿನೇಯಿನ್', ಎಂದರೆ ತೀರ್ಪು ಕೊಡುವುದು. ಸ್ವತಂತ್ರನಿಗೆ ತಗಲುವ ಕಾಯಿಲೆ ತಾತ್ಸಾರ. ಕಟ್ಟುನಿಟ್ಟಿನವನಿಗೆ ತಗಲುವುದು ನ್ಯಾಯಾಧೀಶನಾಗುವ ಚಟ. ನಾವು ಮಾಡುವುದೇನು? ತಿಂದವರು 'ತೀರ್ಪು ಕೊಡಬೇಡಿ' ಎನ್ನುತ್ತಾರೆ, ತಿನ್ನದವರು 'ನಮ್ಮನ್ನು ಎಡವಿಸಬೇಡಿ' ಎನ್ನುತ್ತಾರೆ. ಎದುರಿನವರ ಔಷಧಿ ಚೀಟಿಯನ್ನು ಗಟ್ಟಿಯಾಗಿ ಓದಿ, ನಮ್ಮದನ್ನು ಮಡಚಿ ಜೇಬಿಗೆ ಹಾಕಿಕೊಳ್ಳುತ್ತೇವೆ.

13ನೆಯ ವಚನದಲ್ಲಿ ಪೌಲ ಅದೇ 'ಕ್ರಿನೇಯಿನ್' ಪದವನ್ನು ಎರಡು ಸಲ ಬಳಸುತ್ತಾನೆ. ಮೊದಲು, ಒಬ್ಬರಿಗೊಬ್ಬರು ತೀರ್ಪು ಕೊಡುವುದನ್ನು ನಿಲ್ಲಿಸಿ ಎಂದು. ಆಮೇಲೆ, ತೀರ್ಮಾನ ಮಾಡಲೇಬೇಕಿದ್ದರೆ ಸಹೋದರನ ದಾರಿಯಲ್ಲಿ ಎಡವುಗಲ್ಲು ಇಡಬಾರದೆಂದು ತೀರ್ಮಾನಿಸಿ ಎಂದು. ಅನುವಾದದಲ್ಲಿ 'ತೀರ್ಪು', 'ತೀರ್ಮಾನ' ಎಂದು ಎರಡಾದಾಗ ಈ ಚುರುಕು ಸ್ವಲ್ಪ ಮರೆಯಾಗುತ್ತದೆ. ಪರರತ್ತ ತಿರುಗಿದ್ದ ಕಟಕಟೆಯನ್ನು ಅವನು ನಮ್ಮತ್ತಲೇ ತಿರುಗಿಸುತ್ತಾನೆ.

'ಹಾಗಾದರೆ ಅತಿ ಕಟ್ಟುನಿಟ್ಟಿನವರ ನಿಯಮವೇ ಎಲ್ಲರಿಗೂ ಕಾನೂನಾಗುವುದಿಲ್ಲವೇ?' ಎಂಬ ಆಕ್ಷೇಪ ನ್ಯಾಯವಾದದ್ದೇ. ಉತ್ತರವೂ ಪೌಲನಲ್ಲೇ ಇದೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 10ನೆಯ ಅಧ್ಯಾಯದಲ್ಲಿ ಅವನು, ಸಂತೆಯಲ್ಲಿ ಮಾರುವ ಮಾಂಸವನ್ನು ವಿಚಾರಣೆ ಮಾಡದೆ ತಿನ್ನಿ ಎನ್ನುತ್ತಾನೆ; ಇದು ದೇವತೆಗೆ ಅರ್ಪಿಸಿದ್ದೆಂದು ಯಾರಾದರೂ ಹೇಳಿದರೆ ಮಾತ್ರ, ಹೇಳಿದವನ ಸಲುವಾಗಿ ಬಿಡಿ ಎನ್ನುತ್ತಾನೆ. ಈ ಮರ್ಯಾದೆ ಎದುರಿಗೆ ಕೂತ ಮನುಷ್ಯನಿಗೆ ಸಲ್ಲುವಂಥದ್ದು, ಊರಿಗೆಲ್ಲ ಹೊರಡಿಸುವ ಸುತ್ತೋಲೆಯಲ್ಲ. ಇನ್ನು ಅಂತಿಯೋಕ್ಯದಲ್ಲಿ ಪೇತ್ರ ಯೆಹೂದ್ಯರಲ್ಲದ ವಿಶ್ವಾಸಿಗಳ ಪಂಕ್ತಿಯಿಂದ ಹಿಂದೆ ಸರಿದಾಗ, ಇದೇ ಪೌಲ ಎಲ್ಲರೆದುರು ಅವನನ್ನು ತರಾಟೆಗೆ ತೆಗೆದುಕೊಂಡದ್ದು ಗಲಾತ್ಯದವರಿಗೆ ಬರೆದ ಪತ್ರದ 2ನೆಯ ಅಧ್ಯಾಯದಲ್ಲಿದೆ. ಪಂಕ್ತಿಯಿಂದ ಯಾರನ್ನಾದರೂ ಹೊರಗಿಟ್ಟಾಗ ಸುಮ್ಮನಿರುವುದು ಸಹನೆಯಲ್ಲ.

ಆದ್ದರಿಂದ ನೇರವಾಗಿಯೇ ಹೇಳಬೇಕು. ಓಲೆ ಹಾಕಿಕೊಂಡಳೆಂದು ಒಬ್ಬ ಹೆಣ್ಣುಮಗಳಿಗೆ ಕರ್ತನ ಭೋಜನ ನಿರಾಕರಿಸುವುದು ಮನಸ್ಸಾಕ್ಷಿಯಲ್ಲ, ದಬ್ಬಾಳಿಕೆ. ಒಡವೆ ಬೇಡವೆನ್ನುವ ಸೊಸೆಗೆ ಬೀಗರ ಮುಂದೆ ಮಾನ ಹೋಗುತ್ತದೆಂದು ಬಲವಂತವಾಗಿ ಸರ ಹಾಕಿಸುವುದು ಸ್ವಾತಂತ್ರ್ಯವಲ್ಲ, ಅದೂ ದಬ್ಬಾಳಿಕೆಯೇ. ಇವೆರಡರ ನಡುವೆ ಒಟ್ಟಿಗೆ ಉಣ್ಣಲು ಬೇಕಾದಷ್ಟು ಜಾಗವಿದೆ. ಇನ್ನೊಮ್ಮೆ ಆ ಅಧ್ಯಾಯ ತೆರೆದಾಗ ತಿನ್ನುವವರು ತಿನ್ನುವವರಿಗೆ ಹೇಳಿದ್ದನ್ನು ಓದಲಿ, ತಿನ್ನದವರು ತಿನ್ನದವರಿಗೆ ಹೇಳಿದ್ದನ್ನು ಓದಲಿ.